ಗಾಳಿ ಬಿಟ್ಟರೆ

ಜಲಸಂಧಿಯ ದಡದ ನಮ್ಮ ಊರಲ್ಲಿ
ಸೆಪ್ಟೆಂಬರ್ ಬಂತೆಂದರೆ ಬೀದಿಮೂಲೆಗೆ ಹಗ್ಗ ಕಟ್ಟುತ್ತಾರೆ,
ಕಂಬದಿಂದ ಕಂಬಕ್ಕೆ, ಸೊಂಟದೆತ್ತರಕ್ಕೆ.
ಬಟ್ಟೆ ಒಣಹಾಕಲಿಕ್ಕಲ್ಲ,
ಚಿಲಿ ದೇಶದ ಈ ತುದಿಯ ಗಾಳಿಗೆ
ಮನುಷ್ಯರು ಹಾರಿಹೋಗದಿರಲಿ ಅಂತ.

ಆದರೆ ನನ್ನ ತಮ್ಮ ನೋಲ್ಬೆರ್ತೊ ಬಿದ್ದದ್ದು ಗಾಳಿಗಲ್ಲ.
ಜೂನ್ ತಿಂಗಳ ಒಂದು ನಿಶ್ಶಬ್ದ ಬೆಳಗ್ಗೆ, ಅಡುಗೆಮನೆಯಲ್ಲಿ,
ಒಲೆಯ ಮೇಲಿನ ಕೆಟಲಿಗೆ ಕೈ ಚಾಚಿ.
ಮೂವತ್ತೊಂದು ಹಂಗಾಮು ಉಣ್ಣೆ ಕತ್ತರಿಸಿದ ಬಲಗೈ ಅದು,
ದಿನಕ್ಕೆ ನೂರೈವತ್ತು ಕುರಿ, ಒಂದರ ಚರ್ಮಕ್ಕೂ ಗೀರಿಲ್ಲ.
ಅದೇ ಕೈ ಅವನಿಗೆ ಕೈಕೊಟ್ಟಿತು.

ಹನ್ನೊಂದು ದಿನ ಇಟ್ಟುಕೊಂಡು ಆಸ್ಪತ್ರೆಯವರು
ಒಂದು ಗಾಲಿಕುರ್ಚಿ, ಒಂದು ಚೀಟಿ ಕೊಟ್ಟು ಕಳಿಸಿದರು.
ಚೀಟಿಯ ಕೊನೆಯ ಸಾಲು: ಫಿಸಿಯಾತ್ರರನ್ನು ಕಾಣತಕ್ಕದ್ದು.
ಹೆಸರಿಲ್ಲ, ವಿಳಾಸವಿಲ್ಲ,
ಸ್ವರ್ಗಕ್ಕೆ ಹೋಗತಕ್ಕದ್ದು ಎಂದು ಬರೆದ ಹಾಗೆ.

ಹೊರಟಿತು ನನ್ನ ಯಾತ್ರೆ.
ಔಷಧಿ ಅಂಗಡಿಯ ರುಪೆರ್ತೊ ಕನ್ನಡಕ ಏರಿಸಿ, ಕಣ್ಣಿಗೋ? ಅಂದ.
ಪಕ್ಕದ ಮನೆಯ ಫಿಲೊಮೇನ, ಪಾಪ,
ಹೈಸ್ಕೂಲಿನ ಫಿಸಿಕ್ಸ್ ಮೇಷ್ಟರ ನಂಬರು ತಂದುಕೊಟ್ಟಳು.
ಇಗರ್ಜಿಯ ಗುಮಾಸ್ತ ದನಿ ತಗ್ಗಿಸಿ,
ಹುಚ್ಚಿನ ಡಾಕ್ಟರಾ? ನಾಚಿಕೆ ಬೇಡಮ್ಮ,
ನನ್ನ ಭಾವನೂ ಹೋಗುತ್ತಾನೆ, ಅಂದ.
ಕ್ಲಿನಿಕ್ಕಿನ ಕೌಂಟರಿನ ಹುಡುಗಿಗೆ ಮಾತ್ರ ಗೊತ್ತಿತ್ತು:
ಒಬ್ಬರಿದ್ದರು. ಹೆಂಡತಿಗೆ ಗಾಳಿ ಒಗ್ಗಲಿಲ್ಲ. ಹೋದರು.
ಈಗ ತಿಂಗಳಿಗೊಮ್ಮೆ ಸಾಂತಿಯಾಗೊದಿಂದ ವಿಮಾನದಲ್ಲಿ ಒಬ್ಬರು...
ಕ್ಯಾಲೆಂಡರಿನ ಹಾಳೆ ಮಗುಚಿದಳು, ಮಗುಚಿದಳು, ಮಗುಚಿದಳು.
ಸೆಪ್ಟೆಂಬರ್.

ಸೆಪ್ಟೆಂಬರಿನಲ್ಲಿ ವಿಮಾನ ಹೊರಡಲೇ ಇಲ್ಲ.
ಅಕ್ಟೋಬರಿನಲ್ಲಿ ಬಂತು, ಊರ ಮೇಲೆ ಮೂರು ಸುತ್ತು ಹಾಕಿತು,
ಗಾಳಿ ಇಳಿಯಗೊಡಲಿಲ್ಲ, ವಾಪಸ್ಸು ಹೋಯಿತು.
ಮೋಡದೊಳಗಿನ ಸದ್ದು ಕೇಳುತ್ತ ಕಿಟಕಿಯಲ್ಲಿ ನಿಂತಿದ್ದೆವು,
ಅಂದರೆ ನಾನು ನಿಂತಿದ್ದೆ.

ನವೆಂಬರಿನಲ್ಲಿ ಇಳಿದಳು ಡಾಕ್ಟರ್ ದಾನಿತ್ಸಾ ಯುರಾಕ್,
ಗಿಡ್ಡ ಹೆಂಗಸು, ನೆಗಡಿ, ಕಾಗದದ ಲೋಟದಲ್ಲಿ ಕಾಫಿ.
ಇಷ್ಟು ದಿನ ನೋಡಿದವರೆಲ್ಲ ತಲೆಯ ಫಿಲ್ಮು ನೋಡಿದ್ದರು,
ಬೆಳಕಿಗೆ ಹಿಡಿದು, ಲೊಚಗುಟ್ಟಿ.
ಇವಳು ಬಗ್ಗಿ ಅವನ ಬಲಗಾಲಿನ ಬೂಟು ತಿರುವಿ ನೋಡಿದಳು:
ತುದಿ ಸವೆದು ಕಾಲ್ಚೀಲ ಕಾಣುತ್ತಿತ್ತು.
ನಡೆಯುತ್ತೀಯಲ್ಲ ನೀನು, ಅಂದಳು. ಅಕ್ಕ ಇಲ್ಲದಾಗ.
ಅವನು ಕಿವಿ ಕೆಂಪಾಗಿ ನೆಲ ನೋಡಿದ.

ಎಲ್ಲಿ ನೋವು ಅಂತ ಕೇಳಲಿಲ್ಲ.
ಏನು ಮಾಡಬೇಕು ಅನ್ನಿಸುತ್ತದೆ ನಿನಗೆ? ಅಂದಳು.
ಮಾತು ಅವನಿಗೆ ಈಗ ತೂತು ಕೊಡದಲ್ಲಿ ಸೇದುವ ನೀರು,
ಅರ್ಧ ಚೆಲ್ಲಿ ಅರ್ಧ ಬರುತ್ತದೆ.
ಕತ್ತರಿ ಅನ್ನುತ್ತಾನೆ ಅಂದುಕೊಂಡೆ. ಕುರಿ ಅನ್ನುತ್ತಾನೆ.
ಬ್ರೆಡ್ಡು, ಅಂದ. ಬೆಣ್ಣೆ. ನಾನೇ.

ಐದು ತಿಂಗಳು ಆ ಬ್ರೆಡ್ಡಿಗೆ ಬೆಣ್ಣೆ ಸವರಿ,
ಅಂಚು ಕತ್ತರಿಸಿ, ಬಾಯಿಗಿಟ್ಟು,
ಕೈಬಿಡದ ಅಕ್ಕ ಅಂತ ಬೀದಿಯಿಂದೆಲ್ಲ ಅನ್ನಿಸಿಕೊಂಡ ನಾನು
ಗೋಡೆಯ ಮೇಲಿನ ಬೆನ್ನೆಲುಬಿನ ಚಿತ್ರದಲ್ಲಿ
ಮೂಳೆ ಎಣಿಸತೊಡಗಿದೆ.

ಮೊದಲಿನ ಹಾಗೆ ಆಗುತ್ತಾನಾ? ಬಾಗಿಲಲ್ಲಿ ಕೇಳಿದೆ.
ಇಲ್ಲ, ಅಂದಳು, ಮೂಗು ಒರೆಸಿಕೊಂಡು.
ಚಾಕುವಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ.
ಹಲಗೆಗೆ ಎರಡು ಮೊಳೆ ಹೊಡೆಯಿರಿ, ಬ್ರೆಡ್ಡು ಜಾರದ ಹಾಗೆ.
ಆಮೇಲೆ ನೀವು ಅಡುಗೆಮನೆಯಿಂದ ಆಚೆ ಹೋಗಿ.

ಹೊರಗೆ ಗಾಳಿ. ಮೂಲೆಯ ಹಗ್ಗ ಗುಂಯ್ಗುಡುತ್ತಿತ್ತು.
ಅಭ್ಯಾಸಬಲ, ಮೊಣಕೈಗೆ ಕೈ ಹಾಕಿದೆ; ಕೊಡವಿಕೊಂಡ.
ಕುರ್ಚಿಯಿಂದ ಎದ್ದ.
ಬೆರಳು ಮಡಿಯಲಿಲ್ಲ, ಮಣಿಕಟ್ಟನ್ನೇ ಕೊಕ್ಕೆ ಮಾಡಿ
ಹಗ್ಗಕ್ಕೆ ಸಿಕ್ಕಿಸಿ
(ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ)
ಕಂಬದಿಂದ ಕಂಬಕ್ಕೆ ಹೊರಟ, ಬೂಟಿನ ತುದಿ ಎಳೆಯುತ್ತ.
ಅವನ ಟೋಪಿ ಹಾರಿತು. ನನ್ನದೂ.
ಖಾಲಿ ಕುರ್ಚಿ ತಳ್ಳಿಕೊಂಡು ಹಿಂದೆ ನಾನು,
ಗಾಳಿ ಅದನ್ನು ನನ್ನಿಂದ ಕಸಿಯುತ್ತಿತ್ತು.

ಜೇಬಿನ ಚೀಟಿಯಲ್ಲಿ ಮುಂದಿನ ತಾರೀಕು: ಡಿಸೆಂಬರ್ ಒಂಬತ್ತು.
ಕೆಳಗೆ ಪೆನ್ಸಿಲಿನಲ್ಲಿ, ಕೌಂಟರಿನ ಹುಡುಗಿಯ ಕೈಬರಹ:
ಗಾಳಿ ಬಿಟ್ಟರೆ.